ನಿಧಾನಪ್ಪನವರು ಆರಿಸಿಕೊಂಡ ಟ್ರಕ್ಕು

ಬಸ್ ಡಿಪೋದಲ್ಲಿ ಅವರನ್ನು ಎಲ್ಲರೂ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರಿಗೆ ಅದು ಗೇಲಿ, ಹೊತ್ತವರಿಗೆ ಬಿರುದು. ಮೂವತ್ತೊಂದು ವರ್ಷ ಊರೊಳಗಿನ ಬಸ್ಸು ಓಡಿಸಿದರೂ ಅವರು ಹಾರ್ನನ್ನು ಗಟ್ಟಿಯಾಗಿ ಒತ್ತಿದ್ದನ್ನು ಕೇಳಿದವರಿಲ್ಲ. ಅವರ ಬಸ್ಸು ತಡವಾಗಿ ಬಂದದ್ದೂ ಇಲ್ಲ, ಅವಸರದಿಂದ ಹೋದದ್ದೂ ಇಲ್ಲ. ಅದು ಹೇಗೆ ಸಾಧ್ಯವೆಂದು ಡಿಪೋದ ಹುಡುಗರು ಕೇಳಿದರೆ, ಸಮಯಕ್ಕೆ ಸರಿಯಾಗಿ ಹೊರಟರೆ ಆಯಿತು, ಮಿಕ್ಕಿದ್ದನ್ನು ರಸ್ತೆಯೇ ನೋಡಿಕೊಳ್ಳುತ್ತದೆ ಎಂದು ಹೇಳಿ ಕೈ ಒರೆಸಿಕೊಳ್ಳುತ್ತಿದ್ದರು.

ಇಂಥವರಿಗೆ ವರ್ಷಕ್ಕೊಮ್ಮೆ ನಡೆಯುವ ಕಣ್ಣಿನ ಪರೀಕ್ಷೆಯಲ್ಲಿ ಬಲಗಣ್ಣು ಕೈಕೊಟ್ಟಿತು. ಪತ್ರಿಕೆ ಓದಲು, ಅಕ್ಕಿ ಆರಿಸಲು ಒಂದು ಕಣ್ಣು ಧಾರಾಳ ಸಾಕು, ಆದರೆ ಎದುರಿಗಿರುವ ವಸ್ತು ಎಷ್ಟು ದೂರದಲ್ಲಿದೆ ಎಂದು ಅಳೆಯಲು ಎರಡೂ ಬೇಕು ಎಂದರು ವೈದ್ಯರು. ಮರುದಿನವೇ ನಿಧಾನಪ್ಪನವರನ್ನು ವಿಚಾರಣೆಯ ಕಿಟಕಿಯ ಹಿಂದೆ ಕೂರಿಸಿದರು. ಆ ಕುರ್ಚಿಗೆ ಐದು ಗಾಲಿಗಳಿದ್ದವು. ಸ್ಟೇರಿಂಗ್ ಮಾತ್ರ ಇರಲಿಲ್ಲ.

ಅಂದಿನಿಂದ ಎಂಟು ತಿಂಗಳು, ಒಂದೇ ಒಂದು ಸಲ ಬಿಟ್ಟರೆ, ಅವರು ಬಸ್ಸು ಹತ್ತಲಿಲ್ಲ. ಡಿಪೋಗೆ ನಲವತ್ತು ನಿಮಿಷ ನಡೆದೇ ಹೋಗುವರು. ಆ ಒಂದು ಸಲ ಪ್ರಯಾಣಿಕರ ಸೀಟಿನಲ್ಲಿ ಕುಳಿತು ನೋಡಿದ್ದರಂತೆ. ಪ್ರತಿ ತಿರುವಿನಲ್ಲೂ ಅವರ ಬಲಗಾಲು ಬ್ರೇಕ್ ತುಳಿದಂತೆ ನೆಲವನ್ನು ಒತ್ತಿ ಒತ್ತಿ, ಮುಂದಿನ ಸೀಟಿನ ಹೆಂಗಸು ಎದ್ದು ಬೇರೆ ಕಡೆಗೆ ಹೋದಳು. ಏಳನೆಯ ತಿಂಗಳಿನಿಂದ ಮನೆಯಲ್ಲಿ ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಿದ್ದರೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುವರು. ಕಾಲರಿನ ಮೂಲೆ ಬಂದಾಗ ತಿರುವಿದೆ, ನಿಧಾನ ಎನ್ನುವರು. ಆಕೆ ಮೂರು ವಾರ ತಾಳಿದಳು. ನಾಲ್ಕನೆಯ ವಾರ ತಮ್ಮನಿಗೆ ಹೇಳಿ ಕಳುಹಿಸಿದಳು: ನಿನ್ನ ಭಾವನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗು, ಇಲ್ಲದಿದ್ದರೆ ಈ ಮನೆಯಲ್ಲಿ ಒಂದು ಅಂಗಿಯೂ ಪೂರ್ತಿಯಾಗುವುದಿಲ್ಲ.

ನಗುತ್ತಲೇ ಹೇಳಿದ್ದರೂ ಆಕೆಯ ಚಿಂತೆ ಬೇರೆಯದೇ ಇತ್ತು. ಹಿಂದಿನ ದಿನ ಊಟಕ್ಕೆ ಕುಳಿತಿದ್ದಾಗ ಅವರು ತಟ್ಟೆಯಿಂದ ತಲೆಯೆತ್ತದೆ ಕೇಳಿದ್ದರು.

"ಇನ್ಮೇಲೆ ಯಾರಾದ್ರೂ ಕೇಳಿದ್ರೆ ನಾನು ಡ್ರೈವರ್ ಅಂತ ಹೇಳ್ಕೊಳ್ಳೋ ಹಾಗಿಲ್ಲ, ಅಲ್ವಾ?"

ಆಕೆ ಇನ್ನೊಂದು ಸೌಟು ಸಾರು ಬಡಿಸಿದ್ದಳು, ಅಷ್ಟೇ.

ಆಕೆಯ ತಮ್ಮ ಗಡಿಯಾರ ರಿಪೇರಿಯವನು. ವಾರದ ಆರು ದಿನ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿ ಕೂರುವ ಪ್ರಾಣಿ, ಭಾನುವಾರ ಬಂದರೆ ಹುಚ್ಚು ಹಿಡಿದವನಂತೆ ಪುಟ್ಟ ಟ್ರಕ್ಕು ಓಡಿಸುತ್ತಿದ್ದನು. ಮುಚ್ಚಿಹೋದ ಇಟ್ಟಿಗೆ ಕಾರ್ಖಾನೆಯ ಹಿಂದೆ ಒಂದು ಬಯಲಿತ್ತು. ಅಲ್ಲಿ ಹದಿನೈದು ಇಪ್ಪತ್ತು ಜನ ಸೇರುವರು. ದಂತವೈದ್ಯರೊಬ್ಬರು, ಬಣ್ಣ ಹೊಡೆಯುವವನೊಬ್ಬ, ಬ್ಯಾಂಕಿನಿಂದ ನಿವೃತ್ತಳಾದ ಒಬ್ಬಾಕೆ. ಎಲ್ಲರ ಕೈಯಲ್ಲೂ ರಿಮೋಟು. ಎಲ್ಲರ ಎದುರಿಗೂ ಮೊಣಕಾಲೆತ್ತರದ, ದೊಡ್ಡ ದೊಡ್ಡ ಟೈರುಗಳ ಟ್ರಕ್ಕು. ರಿಮೋಟಿನಲ್ಲಿ ಬಂದೂಕಿಗಿರುವಂಥ ಕುದುರೆಯನ್ನು ಬೆರಳಿನಿಂದ ಎಳೆದರೆ ಮುಂದಕ್ಕೆ, ದೂಡಿದರೆ ಹಿಂದಕ್ಕೆ. ಪಕ್ಕದ ಪುಟ್ಟ ಚಕ್ರವನ್ನು ತಿರುಗಿಸಿದರೆ ಎಡ ಬಲ. ಆ ಪುಟ್ಟ ಚಕ್ರವನ್ನು ಹೆಬ್ಬೆರಳಿನಿಂದ ಮುಟ್ಟಿದ ನಿಧಾನಪ್ಪನವರು ಬಹಳ ಹೊತ್ತು ಕೈ ತೆಗೆಯಲಿಲ್ಲವೆಂದು ಭಾವಮೈದುನ ಅಕ್ಕನಿಗೆ ವರದಿ ಒಪ್ಪಿಸಿದನು.

ಒಂದು ಟ್ರಕ್ಕು ತರಬಹುದು, ಒಂದೇ ಒಂದು, ಎಂದು ಅಪ್ಪಣೆಯಾಯಿತು. ತೊಂದರೆ ಅಲ್ಲಿಂದಲೇ ಶುರುವಾಯಿತು.

ಟ್ರಕ್ಕುಗಳ ಅಂಗಡಿಯಾಕೆ ಭಾನುವಾರ ಬಯಲಿಗೇ ಮಾಲು ತರುತ್ತಿದ್ದಳು. ಓಡಿಸಿ ನೋಡಿ ಆರಿಸಿಕೊಳ್ಳಬಹುದು. ಆಕೆ ಎರಡು ಬಗೆಯವನ್ನು ತೋರಿಸಿದಳು. ಒಂದರಲ್ಲಿ ಮೋಟಾರು ಹಿಂದಿನ ಎರಡು ಚಕ್ರಗಳನ್ನು ಮಾತ್ರ ತಿರುಗಿಸುತ್ತದೆ, ಮುಂದಿನವು ಸುಮ್ಮನೆ ಉರುಳುತ್ತವೆ. ಇದು ಟೂ ವೀಲ್. ಹಗುರ, ಒಳಗೆ ಭಾಗಗಳು ಕಡಿಮೆ, ಕೆಟ್ಟರೆ ಮನೆಯಲ್ಲೇ ಬಿಚ್ಚಿ ಜೋಡಿಸಬಹುದು; ಆದರೆ ಸ್ವಲ್ಪ ಜೋರಾಗಿ ಕುದುರೆ ಎಳೆದರೆ ಹಿಂಭಾಗ ಬಾಲ ಬೀಸಿ ಗಿರಕಿ ಹೊಡೆಯುತ್ತದೆ. ಇನ್ನೊಂದರಲ್ಲಿ ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುತ್ತದೆ. ಇದು ಫೋರ್ ವೀಲ್. ಭಾರ ಹೆಚ್ಚು, ಬ್ಯಾಟರಿ ಬೇಗ ಕುಡಿಯುತ್ತದೆ, ಸ್ವಚ್ಛ ಮಾಡುವ ಕೆಲಸವೂ ಜಾಸ್ತಿ; ಆದರೆ ಮಣ್ಣು, ಕಲ್ಲು, ಹುಲ್ಲು ಎಲ್ಲದರ ಮೇಲೂ ನೆಲ ಕಚ್ಚಿ ನಡೆಯುತ್ತದೆ.

ಮೊದಲ ಭಾನುವಾರ ನಿಧಾನಪ್ಪನವರು ಎರಡನ್ನೂ ಓಡಿಸಿ ಎರಡರಲ್ಲೂ ಮಾನ ಕಳೆದುಕೊಂಡರು. ಟ್ರಕ್ಕು ತಮ್ಮಿಂದ ದೂರ ಹೋಗುವಾಗ ಎಲ್ಲವೂ ಸರಿಯಿರುತ್ತಿತ್ತು. ಅತ್ತ ತಿರುಗಿ ತಮ್ಮ ಕಡೆಗೇ ಬರತೊಡಗಿದರೆ ಕಥೆ ಮುಗಿಯಿತು. ಆಗ ಟ್ರಕ್ಕಿನ ಎಡ ಇವರ ಬಲವಾಗುತ್ತದೆ. ಮಿಕ್ಕವರಿಗೆ ಇದು ಎರಡು ದಿನದಲ್ಲಿ ರೂಢಿಯಾಗುವ ಸಂಗತಿ. ಆದರೆ ಮೂವತ್ತೊಂದು ವರ್ಷ ಬಸ್ಸಿನ ಮುಖವೂ ಇವರ ಮುಖವೂ ಒಂದೇ ಕಡೆಗಿದ್ದವು. ಬೆರಳುಗಳು ಬೇರೆ ಮಾತನ್ನು ಕೇಳಲೊಲ್ಲವು. ಮೈದಾನದ ಅಂಚಿನಲ್ಲಿದ್ದ ಹಳೆಯ ನೀರಿನ ಡ್ರಮ್ಮಿಗೆ ಮೂರು ಸಲ ಗುದ್ದಿದರು. ನಾಲ್ಕನೆಯ ಸಲ ತಾವೇ ಟ್ರಕ್ಕಿಗೆ ಬೆನ್ನು ಹಾಕಿ ನಿಂತು, ಕತ್ತು ತಿರುಚಿ ಹಿಂದೆ ನೋಡುತ್ತಾ ಓಡಿಸಿದರು. ಡ್ರಮ್ಮು ಉಳಿಯಿತು, ಕತ್ತು ಹಿಡಿದುಕೊಂಡಿತು. ದಂತವೈದ್ಯರು ಅದು ತಮ್ಮ ವಿಭಾಗವಲ್ಲ ಎಂದು ವಿಷಾದಿಸಿದರು.

ಇದನ್ನೆಲ್ಲ ನೋಡಿದ ಅಂಗಡಿಯಾಕೆ ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟಳು.

"ಫೋರ್ ವೀಲ್ ತಗೊಳ್ಳಿ ಸಾರ್. ಅದು ತಾನಾಗೇ ಹೋಗುತ್ತೆ. ನೀವು ಸುಮ್ನೆ ರಿಮೋಟ್ ಹಿಡ್ಕೊಂಡ್ರೆ ಸಾಕು."

ಸುಮ್ಮನೆ ಕೂತರೆ ಸಾಕು ಎಂಬ ಮಾತನ್ನು ವೈದ್ಯರಿಂದ, ಡಿಪೋದ ಮೇಲಧಿಕಾರಿಯಿಂದ ಕೇಳಿ ಕೇಳಿ ಸಾಕಾಗಿದ್ದ ಅವರಿಗೆ ಇದು ಎದೆಗೆ ನಾಟಿತು. ಮೇಲಿನಿಂದ ಭಾವಮೈದುನನ ಒಗ್ಗರಣೆ ಬೇರೆ. ಅವನದು ಕೆಂಪು ಬಣ್ಣದ ಟೂ ವೀಲ್; ಬಯಲಿಗೆಲ್ಲ ಅದರದೇ ಧೂಳು. ಫೋರ್ ವೀಲ್ ಓಡಿಸುವುದೆಂದರೆ ತೊಟ್ಟಿಲು ತೂಗಿದ ಹಾಗೆ, ನಿಜವಾದ ಡ್ರೈವರ್ ಆದವನು ಬಾಲ ಬೀಸುವ ಗಾಡಿಯನ್ನು ಹಿಡಿದು ತೋರಿಸಬೇಕು ಎಂದು ಅವನು ಬರುವವರಿಗೆಲ್ಲ ಹೇಳುತ್ತಿದ್ದನು. ಭಾವನಿಗೆ ಕೇಳುವಂತೆಯೇ ಹೇಳುತ್ತಿದ್ದನು.

ಹಾಗಾಗಿ ಮನೆಗೆ ಬಂದ ನಿಧಾನಪ್ಪನವರು ಟೂ ವೀಲೇ ಸರಿ ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡರು. ಮರುದಿನ ವಿಚಾರಣೆಯ ಕಿಟಕಿಯಲ್ಲಿ ಯಾರೋ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿದರೆ, ಹಿಂದಿನ ಚಕ್ರಗಳೆರಡಕ್ಕೂ ಎಂದು ಉತ್ತರ ಕೊಟ್ಟರಂತೆ.

ಎರಡನೆಯ ಭಾನುವಾರ ಟೂ ವೀಲನ್ನೇ ಹಿಡಿದರು. ಹಿಂಭಾಗ ಜಾರಿದ ಕೂಡಲೇ ಎದುರು ದಿಕ್ಕಿಗೆ ಚಕ್ರ ತಿರುಗಿಸಿ ಅದನ್ನು ಮಟ್ಟಸಕ್ಕೆ ತರುವುದು ಅವರ ಬೆರಳಿಗೆ ಬಂದೇ ಇತ್ತು. ಒದ್ದೆ ರಸ್ತೆಯಲ್ಲಿ ಬಸ್ಸಿಗೆ ಮಾಡುತ್ತಿದ್ದದ್ದೂ ಅದನ್ನೇ. ಭಾವಮೈದುನನೇ ಭೇಷ್ ಎಂದನು. ಆದರೆ ಟ್ರಕ್ಕು ದೂರಕ್ಕೆ ಹೋದಂತೆ ಕಣ್ಣು ಸೋತಿತು. ಡ್ರಮ್ಮು ಹತ್ತಿರವೋ ಟ್ರಕ್ಕು ಹತ್ತಿರವೋ ತಿಳಿಯದು. ಎಲ್ಲರೂ ಹಲಗೆಯ ಕಟ್ಟೆಯ ಮೇಲೆ ನಿಂತು ಓಡಿಸುವುದು ಅಲ್ಲಿನ ವಾಡಿಕೆ. ಇವರು ಕಟ್ಟೆಯಿಂದ ಇಳಿದು ಟ್ರಕ್ಕಿನ ಹಿಂದೆ ಹಿಂದೆಯೇ ನಡೆಯತೊಡಗಿದರು. ಎರಡು ಹೆಜ್ಜೆಯ ಅಂತರದಲ್ಲಿ ಒಂದೇ ಕಣ್ಣಿಗೂ ಎಲ್ಲವೂ ಸ್ಪಷ್ಟ. ಟ್ರಕ್ಕಿನ ಮುಖವೂ ಇವರ ಮುಖವೂ ಒಂದೇ ಕಡೆಗೆ. ಎಡವೆಂದರೆ ಎಡ, ಬಲವೆಂದರೆ ಬಲ. ಜನ ನಕ್ಕರು, ನಾಯಿಯನ್ನು ತಿರುಗಾಡಿಸಲು ಬಂದಿದ್ದಾರೆ ಎಂದರು. ಆದರೆ ನಡಿಗೆಯ ವೇಗದಲ್ಲಿ ಟೂ ವೀಲ್ ಸಣ್ಣ ಕಲ್ಲಿಗೂ ಮುಗ್ಗರಿಸಿ ನಿಲ್ಲುತ್ತಿತ್ತು. ಅದಕ್ಕೆ ಓಟ ಬೇಕು. ಓಡಿದರೆ ಇವರ ಕಾಲಿಗೆ ಸಿಗದು.

ಮೂರನೆಯ ಭಾನುವಾರ ಅಂಗಡಿಯಾಕೆ ಇವತ್ತೇ ಹೇಳಿಬಿಡಬೇಕು, ಉಳಿದದ್ದನ್ನು ಇನ್ನೊಬ್ಬರು ಕೇಳಿದ್ದಾರೆ ಎಂದಳು. ಅಂದು ಹೆಂಡತಿಯೂ ಬಂದಿದ್ದಳು. ತಗಡಿನ ನೆರಳಿನಲ್ಲಿ ಕುಳಿತು, ಸಂಜೆಗೆ ಕೊಡಬೇಕಾಗಿದ್ದ ಅಂಗಿಗಳಿಗೆ ಗುಂಡಿ ಹಾಕುತ್ತಾ ನೋಡುತ್ತಿದ್ದಳು. ಗಂಡ ಎರಡು ಟ್ರಕ್ಕುಗಳ ನಡುವೆ ಅತ್ತಿತ್ತ ಹತ್ತು ಸಲ ಅಡ್ಡಾಡಿದ್ದನ್ನು ಕಂಡು ಎದ್ದು ಬಂದಳು. ಮುಚ್ಚಳ ತೆಗೆದ ಗುಂಡಿಯ ಡಬ್ಬಿಯನ್ನು ಟೂ ವೀಲ್ ಟ್ರಕ್ಕಿನ ಹಿಂದಿನ ತೊಟ್ಟಿಯಲ್ಲಿ ಇಟ್ಟಳು.

"ರೀ, ಆ ಇಟ್ಟಿಗೆ ಗುಡ್ಡೆ ದಾಟಿಸ್ಕೊಂಡು ಬನ್ನಿ. ಒಂದು ಗುಂಡಿ ಬಿದ್ರೂ ನೀವೇ ಹುಡುಕಿ ಕೊಡ್ಬೇಕು."

ಒಡೆದ ಇಟ್ಟಿಗೆಗಳ ಆ ಗುಡ್ಡೆ ಸೊಂಟದೆತ್ತರವಿತ್ತು. ಟೂ ವೀಲ್ ಬುಡಕ್ಕೆ ಬಂದು ನಿಂತಿತು. ಹಿಂದಿನ ಚಕ್ರಗಳು ಪುಡಿಯನ್ನು ತೋಡಿ ತೋಡಿ ಹೂತುಕೊಂಡವು.

"ದೂರದಿಂದ ಓಡಿಸ್ಕೊಂಡು ಬನ್ನಿ ಭಾವ," ಎಂದನು ಭಾವಮೈದುನ. "ಒಂದೇ ಏಟಿಗೆ ಹತ್ತುತ್ತೆ."

"ಹತ್ತುತ್ತೆ. ಒಳಗೆ ಕೂತವರ ಗತಿ?"

"ಒಳಗೆ ಯಾರಿದ್ದಾರೆ ಭಾವ? ಗುಂಡಿ."

ಎಲ್ಲರೂ ನಕ್ಕರು. ನಿಧಾನಪ್ಪನವರು ನಗಲಿಲ್ಲ. ಅವರಿಗೆ ಬೆಳಗಿನ ಮೊದಲ ಬಸ್ಸು ನೆನಪಾಗಿತ್ತು. ಪಾಳಿ ಮುಗಿಸಿದ ಆಸ್ಪತ್ರೆಯ ದಾದಿಯರು ಹತ್ತಿದ ಕೂಡಲೇ ಕಿಟಕಿಗೆ ತಲೆಯಾನಿಸಿ ನಿದ್ದೆಹೋಗುತ್ತಿದ್ದರು. ಅವರಿಗೆ ಎಚ್ಚರವಾಗದಂತೆ ಗುಂಡಿ ಬಿದ್ದ ರಸ್ತೆ ದಾಟಿಸಿ, ಅವರವರ ನಿಲ್ದಾಣದಲ್ಲಿ ಮೆಲ್ಲಗೆ ನಿಲ್ಲಿಸುವುದರಲ್ಲೇ ಇವರ ಬೆಳಗು ಸಾರ್ಥಕವಾಗುತ್ತಿತ್ತು. ಜಾರುವ ಬಸ್ಸನ್ನು ಹಿಡಿದು ನಿಲ್ಲಿಸಿದ್ದುಂಟು, ಅದು ವರ್ಷಕ್ಕೆ ಒಂದೆರಡು ಸಲ, ವಿಧಿಯಿಲ್ಲದೆ. ಅದಕ್ಕಾಗಿ ಯಾರೂ ಅವರ ಬಸ್ಸು ಕಾದು ಹತ್ತಿದವರಲ್ಲ.

ಅವರು ಬಗ್ಗಿ ಡಬ್ಬಿಯನ್ನು ತೆಗೆದು ಫೋರ್ ವೀಲ್ ಟ್ರಕ್ಕಿಗೆ ಇಟ್ಟರು.

ತಾನಾಗೇ ಹೋಗುತ್ತದೆ ಎಂದಿದ್ದಳು ಅಂಗಡಿಯಾಕೆ. ಹಾಗೇನೂ ಹೋಗಲಿಲ್ಲ. ಕುದುರೆಯನ್ನು ಕೂದಲೆಳೆಯಷ್ಟು ಎಳೆದರೆ ಒಂದು ಚಕ್ರ ಇಟ್ಟಿಗೆಯ ಅಂಚನ್ನು ಹಿಡಿಯಿತು. ಇನ್ನೂ ಕೂದಲೆಳೆಯಷ್ಟು ಎಳೆದರೆ ಮತ್ತೊಂದು. ಸ್ವಲ್ಪ ಹೆಚ್ಚಾದರೂ ನಾಲ್ಕೂ ಒಟ್ಟಿಗೆ ಜಿಗಿದು ಡಬ್ಬಿಯನ್ನು ಮೊಗಚಿಬಿಡುತ್ತಿದ್ದವು. ನಿಧಾನಪ್ಪನವರು ಗುಡ್ಡೆಯನ್ನು ತಾವೂ ಏರುತ್ತಾ, ಯಾವ ಇಟ್ಟಿಗೆ ಗಟ್ಟಿ, ಯಾವುದು ಅಲುಗೀತು ಎಂದು ಬಗ್ಗಿ ನೋಡುತ್ತಾ, ಒಂದೊಂದೇ ಚಕ್ರವನ್ನು ಕೈಹಿಡಿದು ನಡೆಸಿದಂತೆ ನಡೆಸಿದರು. ಬಾಯಲ್ಲಿ ಏನೋ ಗುನುಗು. ಎಂಟು ತಿಂಗಳಲ್ಲಿ ಆ ಗುನುಗನ್ನು ಕೇಳಿರದ ಹೆಂಡತಿ ಸೂಜಿಯನ್ನು ಸೆರಗಿಗೆ ಚುಚ್ಚಿ ಹತ್ತಿರ ಬಂದಳು. ತುದಿಯಲ್ಲಿ ಟ್ರಕ್ಕು ತುಸು ವಾಲಿತು. ಕೋಟಿನ ಕಪ್ಪು ಗುಂಡಿಯೊಂದು ಟಣ್ಣೆಂದು ಹಾರಿತು.

"ಒಬ್ಬರು ಇಳಿದ್ರು," ಎಂದಳು ಹೆಂಡತಿ.

ಅವರು ಟ್ರಕ್ಕನ್ನು ನಿಲ್ಲಿಸಿ, ಇಟ್ಟಿಗೆಯ ಸಂದಿಗೆ ಬೆರಳು ಹಾಕಿ ಗುಂಡಿಯನ್ನು ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಡಬ್ಬಿಯಲ್ಲಿ ಕೂರಿಸಿದರು. ಆಮೇಲೆ ಇನ್ನೊಂದೂ ಬೀಳಲಿಲ್ಲ. ಕಟ್ಟೆಯ ಮೇಲಿದ್ದವರು ತಮ್ಮ ತಮ್ಮ ಗಾಡಿಗಳನ್ನು ನಿಲ್ಲಿಸಿ ನೋಡುತ್ತಿದ್ದರು. ದಂತವೈದ್ಯರು ತಮ್ಮ ಟ್ರಕ್ಕಿನಲ್ಲೂ ಡಬ್ಬಿ ಇಟ್ಟು ನೋಡಬಹುದೇ ಎಂದು ಕೇಳಿದಾಗ ಹೆಂಡತಿ ಖಡಾಖಂಡಿತವಾಗಿ ಇಲ್ಲವೆಂದಳು.

"ಫೋರ್ ವೀಲ್ ಕೊಡಿ," ಎಂದರು ನಿಧಾನಪ್ಪನವರು ಅಂಗಡಿಯಾಕೆಗೆ. "ಆದ್ರೆ ನೀವು ಹೇಳಿದ ಕಾರಣಕ್ಕಲ್ಲಮ್ಮ."

ಭಾವಮೈದುನನಿಗೆ ತಡೆಯಲಾಗಲಿಲ್ಲ. ಇನ್ನು ಮೇಲೆ ಬಯಲಿನಲ್ಲಿ ಎಲ್ಲರೂ ನಿಮ್ಮನ್ನು ತೊಟ್ಟಿಲು ತೂಗುವವರು ಎಂದು ಕರೆಯುತ್ತಾರೆ ನೋಡಿ ಎಂದನು.

"ಕರೀಲಿ ಬಿಡೋ. ತೊಟ್ಟಿಲು ತೂಗೋದೂ ಎಲ್ರಿಗೂ ಬರಲ್ಲ. ಮಗು ಎದ್ದುಬಿಡುತ್ತೆ."

ಮನೆಗೆ ಹೊರಟಾಗ ಟ್ರಕ್ಕನ್ನು ಪೆಟ್ಟಿಗೆಯಲ್ಲಿ ಹಾಕಿಸಿಕೊಳ್ಳಲಿಲ್ಲ. ಹೊಲಿದ ಅಂಗಿಗಳ ಗಂಟನ್ನು ತೊಟ್ಟಿಗೆ ಏರಿಸಿ, ಪಾದಚಾರಿ ಹಾದಿಯ ಅಂಚಿನಲ್ಲಿ ಅದನ್ನು ಮುಂದೆ ಬಿಟ್ಟುಕೊಂಡು ನಡೆದರು. ಹೆಂಡತಿ ಪಕ್ಕದಲ್ಲಿ. ಎದುರಿಗೆ ಬಂದವರು ದಾರಿ ಬಿಟ್ಟು ತಿರುಗಿ ನೋಡಿದರು. ಒಬ್ಬ ಮುದುಕ ತಡೆದು, ಏನಿದು, ನೀವು ಯಾರು ಎಂದು ಕೇಳಿದಾಗ, ನಾನು ಡ್ರೈವರ್ ಎಂದರು ನಿಧಾನಪ್ಪನವರು, ಅದೇನು ಕೇಳುವ ಮಾತೇ ಎಂಬಂತೆ. ರಸ್ತೆ ದಾಟುವ ಕಡೆ ಟ್ರಕ್ಕನ್ನು ಅಂಚಿನಲ್ಲೇ ನಿಲ್ಲಿಸಿ, ಒಳ್ಳೆಯ ಕಣ್ಣಿನಿಂದ ಎಡಕ್ಕೆ ನೋಡಿದರು. ಬಲಗಡೆಯನ್ನು ನೋಡಲು ಪೂರ್ತಿ ತಿರುಗಬೇಕಿತ್ತು. ಅಷ್ಟರಲ್ಲಿ ಹೆಂಡತಿ ಆ ಬದಿಗೆ ಸರಿದು, ಕತ್ತು ಚಾಚಿ ನೋಡಿ, ಟ್ರಕ್ಕಿನ ನೆತ್ತಿಯನ್ನು ಬೆರಳಿನಿಂದ ಎರಡು ಸಲ ತಟ್ಟಿದಳು.

"ರೈಟ್," ಎಂದಳು. "ಹೋಗ್ಲಿ."