ಕಿಶಾನ್ವಿ ಅಂದರೇನು?

ಕಳೆದ ತಿಂಗಳು ನನ್ನ ಬೆನ್ನಿಗೆ ಬಿದ್ದ ಗುದ್ದುಗಳನ್ನು ಈ ಜನ್ಮದಲ್ಲಿ ಮರೆಯಲಾರೆ. ಗುದ್ದಿದವರು ವೈರಿಗಳಲ್ಲ. ಚಿಕ್ಕಮ್ಮಂದಿರು, ಪಕ್ಕದ ಮನೆಯವರು, ರೇಷ್ಮೆ ಸೀರೆ ಉಟ್ಟ ಸಭ್ಯ ಹೆಂಗಸರು!

ದೋಣಿಮಲೈ ಕ್ವಾರ್ಟರ್ಸ್‌ನಲ್ಲಿ ತಮ್ಮನ ಮಗಳ ನಾಮಕರಣ. ನಾನು ಸೋದರತ್ತೆ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್‍ರ್’ ಎಂದು ಹೆಸರು ಹೇಳಬೇಕು, ಹಿಂದಿನಿಂದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. (ಯಾಕೆ ಗುದ್ದಬೇಕು? ಕೇಳಿದವರಿಗೂ ಒಂದು ಬೀಳುತ್ತದೆ.)

ಹೆಸರು ಕಿಶಾನ್ವಿ. ತಮ್ಮ ಕಿರಣನ ‘ಕಿ’, ಅವನ ಹೆಂಡತಿ ಶಾಲಿನಿಯ ‘ಶಾ’. ಬಿಲ್ಲಿನ ತುದಿಗೆ ಜಿಎಸ್‌ಟಿ ಸೇರಿಸಿದಂತೆ ಒಂದು ‘ನ್ವಿ’. ಈಗ ‘ನ್ವಿ’ ಇಲ್ಲದೆ ಯಾವ ಹೆಣ್ಣುಮಗು ಪ್ಲೇಸ್ಕೂಲಿಗೆ ಹೋಗುತ್ತದೆ ಹೇಳಿ?

ತಕರಾರು ಬಂದದ್ದು ಕಂಪ್ಲಿಯಿಂದ. ಅಂದರೆ ನಮ್ಮಪ್ಪನ ಅವ್ವ, ತುಂಗಮ್ಮಜ್ಜಿಯಿಂದ. ಮರಿಮಗಳಿಗೆ ತನ್ನ ಹೆಸರೇ ಇಡುತ್ತಾರೆಂದು ಓಣಿಯೆಲ್ಲ ಹೇಳಿಕೊಂಡು ಬಂದಿದ್ದಳು. ಹೊಸ ಹೆಸರು ಕೇಳಿ ಮುಖ ಸಣ್ಣದಾಯಿತು. ಅಜ್ಜಿ ಜಗಳವಾಡಲಿಲ್ಲ. ತೊಟ್ಟಿಲ ಹಗ್ಗ ಹಿಡಿದು ಕೂತಳು, ಅಷ್ಟೆ.

“ಹಂಗಂದ್ರ ಏನು? ಅರ್ಥ ಹೇಳಿ ಆಮ್ಯಾಲ ಕರೀರಿ.”

ಕಿರಣ ಶಾಲಿನಿಯ ಮುಖ ನೋಡಿದ. ಶಾಲಿನಿ ಮೊಬೈಲ್ ನೋಡಿದಳು. ಅದರಲ್ಲಿ ನೆಟ್‌ವರ್ಕ್ ಇತ್ತು, ಅರ್ಥ ಇರಲಿಲ್ಲ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. ಪೇಪರಿಗೆ ಬರೆಯುವವಳು, ಎಲ್ಲ ಗೊತ್ತಿರುತ್ತದಂತೆ!

ನಾನು ಆಗಲೇ ತೊಟ್ಟಿಲಿಗೆ ಬಗ್ಗಿಯಾಗಿತ್ತು. ಅರ್ಥ ಹೇಳುವ ತನಕ ಗುದ್ದು ನಿಲ್ಲಿಸಬೇಡಿ ಎಂದು ಅಜ್ಜಿಯ ಆರ್ಡರ್. ಭತ್ತ ಕುಟ್ಟಿ ಪಳಗಿದ ಚಿಕ್ಕಮ್ಮನ ಕೈ ಒಂದು ಸಲ ಸರಿಯಾಗಿ ಬಿತ್ತು ನೋಡಿ, ಬಾಯಿಂದ ತಾನಾಗಿ ಉದುರಿತು.

“ತುಂಗಾ ಹೊಳಿಗೆ ಬಂದ ಹೊಸ ನೀರು!”

ಗುದ್ದು ನಿಂತಿತು. ಅಜ್ಜಿ ಅದನ್ನೇ ಇನ್ನೊಮ್ಮೆ ಹೇಳಿಸಿದಳು. ಹಗ್ಗ ಬಿಟ್ಟು ಕೂಸಿನ ಕೆನ್ನೆ ಸವರಿದಳು.

“ಹಂಗಾರ ನಾನೂ ಅದೀನಲ್ಲ, ಒಳಗ.”

ಸುಳ್ಳಾಡಿದವಳು ನಾನೇ, ಕಣ್ಣಲ್ಲಿ ನೀರು ಬಂದದ್ದೂ ನನಗೇ. (ಅರ್ಧ ಅಜ್ಜಿಯಿಂದ, ಅರ್ಧ ಚಿಕ್ಕಮ್ಮನಿಂದ.)

ಅಲ್ಲಿಗೆ ಮುಗಿಯಬೇಕಿತ್ತಲ್ಲವೇ? ಶಾಲಿನಿ ಸುಮ್ಮನಿರಬೇಕಲ್ಲ! ಫೋಟೊ ಜೊತೆ ಅರ್ಥವನ್ನೂ ಸ್ಟೇಟಸ್‌ಗೆ ಹಾಕಿದಳು. ಮಕ್ಕಳ ಹೆಸರಿನ ಯಾವುದೋ ವೆಬ್‌ಸೈಟಿಗೂ ಸೇರಿಸಿದಳು. ನಿನ್ನೆ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಗೆಳತಿ ಸಿಕ್ಕಳು. ಅವಳ ತಂಗಿಯ ಮಗಳಿಗೂ ಕಿಶಾನ್ವಿ ಎಂದೇ ಇಡುತ್ತಾರಂತೆ. ತುಂಗೆಯ ಹೊಸ ನೀರು ಎಂದು ಅರ್ಥವನ್ನು ನನಗೇ ಬಿಡಿಸಿ ಹೇಳಿದಳು.

“ಭಾಳ ಹಳೀ ಹೆಸರಂತ. ಸಂಸ್ಕೃತ ಮೂಲದ್ದು.”

ಮೂಲ ಯಾವುದೆಂದು, ಇವತ್ತಿಗೂ ಬಾಮ್ ಹಚ್ಚಿಸಿಕೊಳ್ಳುತ್ತಿರುವ ನನ್ನ ಬೆನ್ನನ್ನು ಯಾರಾದರೂ ಕೇಳಿದ್ದಾರೆಯೇ?