ಹುಳ ಒಪ್ಪಿದ ಶಾಂಪೂ

ಸುಗಟೂರಿನ ಮುನಿಶಾಮಮ್ಮನ ರೇಷ್ಮೆ ಹುಳದ ಮನೆಗೆ ಕಾಲಿಡಬೇಕಾದರೆ ಕೈಕಾಲು ತೊಳೆದರಷ್ಟೇ ಸಾಲದು, ಬಾಗಿಲಲ್ಲಿ ಒಂದು ಗಳಿಗೆ ನಿಲ್ಲಬೇಕು. ಆಕೆ ಹತ್ತಿರ ಬಂದು ಮೂಸಿ ನೋಡುತ್ತಾಳೆ. ಬೀಡಿ ವಾಸನೆಯೋ ಪೌಡರಿನ ವಾಸನೆಯೋ ಬಂದರೆ ಬಂದ ದಾರಿಗೆ ಸುಂಕವಿಲ್ಲ. ಸೊಸೆ ಪವಿತ್ರಳ ಸೀಮಂತಕ್ಕೆ ಬಂದಿದ್ದ ಬೀಗರು ಮೈತುಂಬ ಸೆಂಟು ಸುರಿದುಕೊಂಡು ರೇಷ್ಮೆ ಹುಳ ನೋಡುವ ಆಸೆಪಟ್ಟಾಗ, "ಗೂಡು ತಂದು ತೋರಿಸ್ತೀನಿ, ಇಲ್ಲೇ ಕೂತ್ಕೊಳ್ಳಿ" ಎಂದು ಜಗಲಿಯಲ್ಲೇ ಕೂರಿಸಿದವಳು. ಬೀಗರು ಮೂರು ವರ್ಷ ಮುನಿಸಿಕೊಂಡರು. ಆ ಸಲದ ಬೆಳೆ ಮಾತ್ರ ಕಣ್ಣು ಕುಕ್ಕುವ ಹಾಗೆ ಬಂತು.

ನಲವತ್ತು ವರ್ಷ ಹುಳ ಮೇಯಿಸಿದ ಕೈ ಆಕೆಯದು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅಕ್ಷರ ಕಲಿತದ್ದು ಮಗ ಗಂಗಾಧರನ ಮೂರನೇ ಕ್ಲಾಸಿನ ಪುಸ್ತಕದಲ್ಲಿ, ಅವನು ಮಲಗಿದ ಮೇಲೆ. ಹುಳದ ವಿದ್ಯೆಯನ್ನು ಯಾರೂ ಹೇಳಿಕೊಡಲಿಲ್ಲ. ನೋಡಿ ಕಲಿತಳು, ಕೆಡಿಸಿ ಕಲಿತಳು.

ಆ ಹುಳದ ಮನೆಯ ಕಾವಲಿಗೆ ಇದ್ದದ್ದು ಗಿಲ್ಕಿ ಎಂಬ ಕಂದು ಬಣ್ಣದ ಹೆಣ್ಣುನಾಯಿ. ಹೊಸ್ತಿಲು ದಾಟಿ ಒಳಗೆ ಬಂದದ್ದಿಲ್ಲ, ಹೊಸ್ತಿಲು ಬಿಟ್ಟು ಹೋದದ್ದೂ ಇಲ್ಲ. ಅದು ಬಂದ ಮೇಲೆ ಇಲಿಗಳು ಆ ಮನೆಯ ದಾರಿಯನ್ನೇ ಮರೆತಿದ್ದವು. ಈ ವರ್ಷ ಯುಗಾದಿ ಕಳೆದ ಮೇಲೆ ಅದರ ಮೈಗೆ ಉಣ್ಣೆ ಹತ್ತಿತು. ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕುತ್ತಿಗೆ ಸುತ್ತ ರಕ್ತ ಕುಡಿದು ಹರಳುಬೀಜದಂತೆ ಊದಿದ ಉಣ್ಣೆಗಳು. ನಾಯಿ ಕೆರೆದೂ ಕೆರೆದೂ ಮೈ ಗಾಯ ಮಾಡಿಕೊಂಡಿತು.

ಮೊಟ್ಟೆಯೊಡೆದ ಮರಿಗಳನ್ನು ಸಾಕಿ ಕೊಡುವ ಚಾಕಿ ಮನೆಯಿಂದ ಎಳೆ ಹುಳ ಬರಲು ಹನ್ನೆರಡು ದಿನ ಉಳಿದಿತ್ತು.

"ಕುತ್ತಿಗೆ ಮೇಲೆ ಬಿಡೋ ಔಷಧಿ ಸಿಗುತ್ತಮ್ಮ, ಎರಡೇ ದಿನಕ್ಕೆ ಎಲ್ಲ ಉದುರೋಗುತ್ತೆ" ಎಂದ ಗಂಗಾಧರ್.

"ಉಣ್ಣೆನ ಸಾಯ್ಸೋದು ನನ್ನ ಹುಳಾನ ಬಿಟ್ಟುಬಿಡುತ್ತೇನೋ? ಅದಕ್ಕೆ ಎರಡೂ ಒಂದೇ ಕಣೋ."

"ಹಂಗಾದ್ರೆ ಗಿಲ್ಕಿನ ಮಾಸ್ತಿಲಿರೋ ಅತ್ತೆ ಮನೆಗೆ ಬಿಟ್ಟು ಬರ್ತೀನಿ. ದೊರೆ ಇದ್ದಾಗ ಏನಾಯ್ತು ಅನ್ನೋದು ಮರೆತೋಯ್ತಾ ನಿಂಗೆ?"

ಮುನಿಶಾಮಮ್ಮ ಕುಡುಗೋಲು ಎತ್ತಿಕೊಂಡು ಸೊಪ್ಪು ಕೊಯ್ಯಲು ಹೊರಟಳು. ಅವಳು ಮರೆತಿರಲಿಲ್ಲ.

ದೊರೆ ಎಂಬುದು ಇಪ್ಪತ್ತೆರಡು ವರ್ಷದ ಹಿಂದೆ ಆ ಮನೆಯಲ್ಲಿದ್ದ ನಾಯಿ. ಅದು ಬಂದ ವರ್ಷವೇ ಹುಳ ನಾಲ್ಕನೇ ಜ್ವರಕ್ಕೆ ಬಿದ್ದದ್ದು ಏಳಲೇ ಇಲ್ಲ. ಜ್ವರ ಅಂದರೆ ಹುಳ ಮೇವು ಬಿಟ್ಟು, ಹಳೆಯ ಚರ್ಮ ಕಳಚಲು ತಲೆ ಎತ್ತಿ ನಿಲ್ಲುವ ಹೊತ್ತು. ಆ ಸಲ ತಟ್ಟೆ ತಟ್ಟೆಯ ಹುಳಗಳೂ ಹಾಗೇ ಕುಗ್ಗಿ ಸತ್ತವು. ಆಗಿನ್ನೂ ಬದುಕಿದ್ದ ಗಂಡ ಕದಿರಪ್ಪ, "ಈ ನಾಯಿ ಕಾಲ್ಗುಣ ಸರಿಯಿಲ್ಲ" ಎಂದವನೇ ಅದನ್ನು ಟೊಮೆಟೊ ಲಾರಿಗೆ ಹತ್ತಿಸಿ ಕಳಿಸಿಬಿಟ್ಟ. ಊರು ಹೌದೆಂದಿತು. ಮುನಿಶಾಮಮ್ಮ ಬಾಯಿ ಬಿಡಲಿಲ್ಲ.

ಔಷಧಿ ಬೇಡವೆಂದರೆ ಬೇರೆ ದಾರಿ ಇದೆ ಎಂದು ಪವಿತ್ರ ಫೋನಿನಲ್ಲಿ ಹುಡುಕಿ ನಾಯಿಯ ಶಾಂಪೂ ತರಿಸಿದಳು. ಹಸಿರು ಬಾಟಲಿ, ಮೇಲೆ ಎಲೆಯ ಚಿತ್ರ. "ಆರ್ಗ್ಯಾನಿಕ್ ಅತ್ತೆ, ಕೆಮಿಕಲ್ ಏನೂ ಇಲ್ಲ." ಅತ್ತೆ ಮುಚ್ಚಳ ತೆಗೆದು ಮೂಸಿದಳು. ಬೇವಿನೆಣ್ಣೆ.

"ಬೇಡ ಕಣಮ್ಮ" ಎಂದು ಮುಚ್ಚಳ ಹಾಕಿದಳು.

"ಬೇವು ತಾನೇ ಅಮ್ಮ? ಯುಗಾದಿಗೆ ನಾವೇ ತಿನ್ನಲ್ವಾ?" ಎಂದು ಗಂಗಾಧರ್ ನಕ್ಕ. "ಮಂಗಳವಾರದವರೆಗೂ ನೋಡ್ತೀನಿ. ಅಷ್ಟರಲ್ಲಿ ಉಪಾಯ ಸಿಗದಿದ್ರೆ ನಾಯಿ ಮಾಸ್ತಿಗೆ."

ಮಾರನೆಯ ದಿನ ಮುನಿಶಾಮಮ್ಮ ಬಸ್ಸು ಹತ್ತಿ ಕೋಲಾರಕ್ಕೆ ಹೋಗಿ, ನಾಯಿ ಬೆಕ್ಕುಗಳ ಸಾಮಾನು ಮಾರುವ ಅಂಗಡಿ ಹುಡುಕಿದಳು. ಅಂಗಡಿಯ ಅನಿಲ್‌ಕುಮಾರ್ ಗಾಜಿನ ಬೀರುವಿನಿಂದ ಒಂದೊಂದೇ ಬಾಟಲಿ ಇಳಿಸಿದ.

"ಎಲ್ಲ ಗಿಡಮೂಲಿಕೆ ಅಮ್ಮ. ಕಣ್ಣು ಮುಚ್ಕೊಂಡು ತಗೊಂಡೋಗಿ."

"ಕಣ್ಣು ಮುಚ್ಕೊಂಡು ತಗೊಳ್ಳೋಕೆ ಇದೇನು ಪ್ರಸಾದಾನಾ? ಏನೇನ್ ಹಾಕವ್ರೆ, ಒಂದೊಂದೇ ಓದಪ್ಪ. ಎಕ್ಕದ ಗಿಡಾನೂ ಗಿಡಾನೇ."

ಇಂಗ್ಲಿಷಿನಲ್ಲಿದ್ದುದನ್ನು ಅವನು ಓದಿ ಹೇಳಿದ. ಮೊದಲನೆಯದರಲ್ಲಿ ಬೇವು. "ಮೇಲಿಡು." ಎರಡನೆಯದರಲ್ಲಿ ಸೊಳ್ಳೆ ಓಡಿಸುವ ಹುಲ್ಲಿನ ಎಣ್ಣೆ. "ಸೊಳ್ಳೆ ಓಡಿದ್ರೆ ನನ್ನ ಹುಳ ನಿಲ್ತಾವಾ? ಮೇಲಿಡು." ಮೂರನೆಯದರಲ್ಲಿ ಕೊನೆಗೆ ಬರೀ ಪರಿಮಳ ಎಂದಿತ್ತು.

"ಯಾವ ಹೂವಿನ ಪರಿಮಳ?"

"ಅದು ಬರೆದಿಲ್ಲ ಅಮ್ಮ."

"ಹೆಸರು ಹೇಳೋಕೆ ನಾಚ್ಕೊಳ್ಳೋದನ್ನ ನನ್ನ ನಾಯಿ ಮೈಗೆ ಯಾಕೆ ಹಚ್ಲಿ?"

ಅನಿಲ್‌ಕುಮಾರನಿಗೂ ಹುರುಪು ಬಂತು. ಕೆಳಗಿನ ಖಾನೆಯ ಮೂಲೆಯಿಂದ ಧೂಳು ಹಿಡಿದ ಒಂದು ಬಾಟಲಿ ತೆಗೆದು ಒರೆಸಿ ಓದಿದ: ಅಂಟುವಾಳ, ಲೋಳೆಸರ, ಓಟ್ಸು, ತೆಂಗಿನೆಣ್ಣೆ. ಅಷ್ಟೇ. "ಇದನ್ನ ಯಾರೂ ಕೇಳಲ್ಲಮ್ಮ, ಘಮ ಇಲ್ಲ ಅಂತಾರೆ."

"ಘಮ ಬೇಕಾದೋರು ಮಲ್ಲಿಗೆ ಮುಡ್ಕೊಳ್ಲಿ. ಇದನ್ನ ಕಟ್ಟು."

ಊರಿಗೆ ಬಂದವಳು ಮನೆಗೆ ಹೋಗದೆ ನೇರವಾಗಿ ಪಕ್ಕದ ಬೀದಿಯ ಅಶ್ವತ್ಥಪ್ಪನ ಮನೆ ಬಾಗಿಲಲ್ಲಿ ನಿಂತಳು. ಅವನ ಹುಳ ಆಗಷ್ಟೇ ಮೂರನೇ ಜ್ವರ ಮುಗಿಸಿ ಎದ್ದಿತ್ತು.

"ಮೂವತ್ತು ಹುಳ ಕೊಡಪ್ಪ. ಗಿಲ್ಕಿಗೆ ಅಂಟುವಾಳದ ಶಾಂಪೂ ತಂದಿದ್ದೀನಿ, ಹುಳ ತಡ್ಕೊಳ್ತಾವಾ ನೋಡ್ಬೇಕು."

"ಏನಕ್ಕಾ, ನಾಯಿ ಸ್ನಾನಕ್ಕೆ ನನ್ನ ಹುಳ ಸಾಕ್ಷಿನಾ? ಅಬ್ಬೋ! ನಮ್ಮಪ್ಪ ನನಗೇ ಸೋಪು ಕೊಡಿಸ್ಲಿಲ್ಲ."

"ಅದಕ್ಕೇ ಹಿಂಗಿದ್ದೀಯ."

"ಅಂಟುವಾಳ ಬೇಕಾದ್ರೆ ನಮ್ಮ ತೋಟದಾಗೆ ಉದುರಿ ಬಿದ್ದೈತಲ್ಲಕ್ಕಾ, ಬಾಟ್ಲಿ ಯಾಕೆ?"

"ಬರೀ ಅಂಟುವಾಳ ಹೋದ ವರ್ಷ ಹಾಕಿ ನೋಡ್ದೆ. ನಾಯಿ ಕಣ್ಣುರಿ ಅಂತ ಒದ್ದಾಡ್ತು, ಚರ್ಮ ಒಣಗಿ ಹೊಟ್ಟು ಎದ್ದಿತು. ಕೊಡ್ತೀಯೋ ಇಲ್ವೋ?"

ಕೊಟ್ಟ. ನಗುತ್ತಲೇ ಹಿಂದೆ ಬಂದ.

ಹುಳದ ಮನೆಯಿಂದ ದೂರದ ಜಗಲಿಯಲ್ಲಿ ಮುನಿಶಾಮಮ್ಮ ಮೂರು ಮೊರ ಇಟ್ಟಳು. ಒಂದೊಂದರಲ್ಲಿ ಹತ್ತು ಹುಳ. ಯಾವುದು ಯಾವುದೆಂದು ಪವಿತ್ರ ಸೀಮೆಸುಣ್ಣದಲ್ಲಿ ಗುರುತು ಬರೆದಳು. ಒಂದು ಮೊರಕ್ಕೆ ಬರೀ ಹಿಪ್ಪುನೇರಳೆ ಸೊಪ್ಪು. ಇನ್ನೊಂದಕ್ಕೆ ಹಸಿರು ಬಾಟಲಿಯ ನೊರೆಯಲ್ಲಿ ತೊಳೆದ ಕೈಯಿಂದ ಸವರಿದ ಸೊಪ್ಪು. ಮತ್ತೊಂದಕ್ಕೆ ಕೋಲಾರದ ಬಾಟಲಿಯ ನೊರೆಯಲ್ಲಿ ತೊಳೆದ ಕೈ ಸವರಿದ ಸೊಪ್ಪು. ಎಲ್ಲಕ್ಕೂ ಒಂದೇ ಹೊತ್ತಿಗೆ ಮೇವು. ಹಾಗೆ ಹೋಲಿಸಿ ನೋಡಬೇಕೆಂದು ಯಾವ ಮೇಷ್ಟ್ರೂ ಆಕೆಗೆ ಹೇಳಿಕೊಟ್ಟಿರಲಿಲ್ಲ.

ಒಂದು ದಿನ ಕಳೆಯಿತು. ಎರಡು ಮೊರದ ಹುಳ ಸರಸರನೆ ಸೊಪ್ಪು ಕಡಿದು ದಂಟು ಉಳಿಸಿದವು. ಬೇವಿನ ಮೊರದವು ಸೊಪ್ಪು ಬಿಟ್ಟು ಅಂಚಿಗೆ ಸರಿದವು. ಮೂರನೇ ದಿನ, ಸೋಮವಾರದ ಹೊತ್ತಿಗೆ, ಅವು ಅರ್ಧಕ್ಕೆ ಕುಗ್ಗಿದ್ದವು. ನಾಲ್ಕು ಸತ್ತಿದ್ದವು. ಅಶ್ವತ್ಥಪ್ಪ ಬಗ್ಗಿ ನೋಡಿ ನಗು ನಿಲ್ಲಿಸಿದ. ಗಂಗಾಧರ್ ಬಾಟಲಿಯ ಮೇಲಿನ ಎಲೆಯ ಚಿತ್ರವನ್ನೇ ನೋಡುತ್ತ, "ಇಷ್ಟು ಒಳ್ಳೇ ಎಣ್ಣೆ..." ಎಂದ.

"ಎಣ್ಣೆ ಒಳ್ಳೇದೇ. ನಾಯಿಗೂ ಒಳ್ಳೇದು, ಗಿಡಕ್ಕೂ ಒಳ್ಳೇದು. ಹುಳಕ್ಕಲ್ಲ" ಎಂದಳು ಮುನಿಶಾಮಮ್ಮ. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, ಮಗನ ಮುಖ ನೋಡಿ ಹೇಳಿದಳು: "ದೊರೆ ಕಾಲ್ಗುಣ ಅಲ್ಲ ಕಣೋ ಅದು. ಅವನ ಮೈಗೆ ಉಣ್ಣೆ ಹತ್ತಿತ್ತು. ನಾನೇ ಬೇವಿನೆಣ್ಣೆ ಹಚ್ಚಿದ್ದೆ. ಸೆಕೆಗೆ ಅವನು ಹೋಗಿ ಸೊಪ್ಪಿನ ಮೇಲೆ ಹೊದಿಸಿದ್ದ ಒದ್ದೆ ಗೋಣಿಚೀಲದ ಮೇಲೆ ಮಲಗ್ತಿದ್ದ. ಆ ಸೊಪ್ಪನ್ನೇ ಹುಳಕ್ಕೆ ಹಾಕಿದ್ವಿ. ಲಾರಿ ಹೋದ ಎಷ್ಟೋ ದಿನಕ್ಕೆ ನಂಗೆ ಹೊಳೀತು. ನಿಮ್ಮಪ್ಪನ ಮುಂದೆ ಹೇಳೋಕೆ ಧೈರ್ಯ ಬರ್ಲಿಲ್ಲ."

ದೊರೆ ಹೋದಾಗ ಗಂಗಾಧರ್ ಹದಿನಾಲ್ಕರ ಹುಡುಗ.

"ಆ ಲಾರಿ ಹಿಂದೆ ಕೆರೆ ಕಟ್ಟೆವರೆಗೂ ಓಡಿದ್ದೆ ಕಣಮ್ಮ ನಾನು" ಎಂದ ಅವನು.

"ಗೊತ್ತು. ನೋಡ್ತಾ ನಿಂತಿದ್ದೆ."

ಅವನು ಎದ್ದು ಹಿತ್ತಲಿಗೆ ಹೋದ. ಸಿಟ್ಟಾದನೆಂದು ಪವಿತ್ರ ಅತ್ತೆಯ ಮುಖ ನೋಡಿದಳು. ಹಂಡೆಯ ಕೆಳಗೆ ಸೌದೆ ಮುರಿಯುವ ಸದ್ದು ಕೇಳಿತು. ಆಮೇಲೆ ಅವನ ದನಿ: "ನೀರು ಎಷ್ಟು ಬಿಸಿ ಇರ್ಬೇಕಮ್ಮ?"

ಮುನಿಶಾಮಮ್ಮನ ಬೆನ್ನು ನೆಟ್ಟಗಾಯಿತು. "ಮಗುಗೆ ಹಾಕೋವಷ್ಟು. ಮೊಣಕೈ ಇಟ್ಟು ನೋಡು."

ಅವತ್ತು ಗಿಲ್ಕಿಗೆ ಆದ ಸ್ನಾನ ಆ ಊರಲ್ಲಿ ಮದುಮಗಳಿಗೂ ಆಗಿರಲಿಕ್ಕಿಲ್ಲ. ಮೊದಲು ಒಣ ಮೈಯಲ್ಲೇ ಹೇನಿನ ಬಾಚಣಿಗೆ ಆಡಿಸಿ, ಕಚ್ಚಿ ಹಿಡಿದ ಉಣ್ಣೆಗಳನ್ನು ಬುಡದಲ್ಲಿ ಚಿಮುಟದಿಂದ ಹಿಡಿದು ನೇರವಾಗಿ ಎಳೆದು, ಸೋಪಿನ ನೀರಿನ ಡಬ್ಬಿಗೆ ಹಾಕಿದರು. ಕಿವಿಗೆ ಹತ್ತಿ ಇಟ್ಟರು. ಶಾಂಪೂವನ್ನು ನೇರವಾಗಿ ಸುರಿಯದೆ ಚೊಂಬಿನ ನೀರಿಗೆ ಬೆರೆಸಿ, ಕುತ್ತಿಗೆಯಿಂದ ಬಾಲದವರೆಗೆ ಉಜ್ಜಿ, ಹತ್ತು ನಿಮಿಷ ನೊರೆ ಬಿಟ್ಟರು. ಆ ಹತ್ತು ನಿಮಿಷ ನಾಯಿ ಮೈ ಕೊಡವದಂತೆ ಗಂಗಾಧರ್ ಅದರ ಗದ್ದ ಹಿಡಿದು ಏನೇನೋ ಮಾತಾಡುತ್ತ ಕೂತಿದ್ದ. ಒಂದೆರಡು ಸಲ ಬಾಯಿ ತಪ್ಪಿ ದೊರೆ ಎಂದು ಕರೆದ. ಯಾರೂ ತಿದ್ದಲಿಲ್ಲ.

ಒಂದು ಸ್ನಾನಕ್ಕೆ ಉಣ್ಣೆ ಹೋಗುವುದಿಲ್ಲ; ಅದೂ ಆಕೆಗೆ ಗೊತ್ತಿತ್ತು. ದಿನಾ ಬಾಚಿದರು, ವಾರ ಬಿಟ್ಟು ಮತ್ತೆ ಮೀಯಿಸಿದರು, ನಾಯಿ ಮಲಗುವ ಕಡೆಯ ಗೋಡೆ ಬಿರುಕಿಗೆಲ್ಲ ಸುಣ್ಣ ತುಂಬಿದರು. ಹುಳ ಬಂದ ದಿನ ಗಿಲ್ಕಿ ತನ್ನ ಹೊಸ್ತಿಲಲ್ಲೇ ಇತ್ತು. ಆದರೂ ನಾಲ್ಕನೇ ಜ್ವರದ ದಿನ ಮುನಿಶಾಮಮ್ಮನಿಗೆ ಅನ್ನ ಇಳಿಯಲಿಲ್ಲ. ಬೆಳಗ್ಗೆ ಬಾಗಿಲು ತೆರೆದಾಗ ತಟ್ಟೆ ತಟ್ಟೆಯ ಹುಳ ಹೊಸ ಚರ್ಮ ಹೊಳೆಸುತ್ತ ಸೊಪ್ಪಿಗೆ ತಲೆ ಎತ್ತಿದ್ದವು. ಸೊಪ್ಪು ಹಾಕಿದೊಡನೆ ಮಳೆ ಬಿದ್ದ ಹಾಗೆ ಕಡಿಯುವ ಸದ್ದು. ಎಂಟೇ ದಿನಕ್ಕೆ ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಏರಿದವು. ಗೂಡು ಬಿಡಿಸುವಾಗ ಕೈಗೆ ಸಿಕ್ಕಿದ್ದೆಲ್ಲ ಗಟ್ಟಿ, ಕಲ್ಲಿನ ಹಾಗೆ. ಇಲಿ ಮುಟ್ಟಿದ್ದು ಒಂದೂ ಇಲ್ಲ.

ಗೂಡು ಬಿಡಿಸಿದ ಮಾರನೆಯ ದಿನ ಅಶ್ವತ್ಥಪ್ಪ ತನ್ನ ನಾಯಿಯನ್ನು ಹಗ್ಗದಲ್ಲಿ ಎಳೆದುಕೊಂಡು ಬಂದ. ಅದು ಮೈಯೆಲ್ಲ ಕೆರೆಯುತ್ತಿತ್ತು.

"ಅಕ್ಕಾ, ಆ ಬಾಟ್ಲಿ ಹೆಸರು ಹೇಳಕ್ಕಾ, ನಾನೂ ತರ್ತೀನಿ."

ಮುನಿಶಾಮಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಆತುರಪಡಲಿಲ್ಲ. ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು.

"ಹೆಸರು ತಗೊಂಡು ಏನ್ ಮಾಡ್ತೀಯ? ಇವತ್ತೊಂದು ಹಾಕಿರ್ತಾರೆ, ನಾಳೆ ಅದೇ ಹೆಸರಲ್ಲಿ ಇನ್ನೊಂದು ಹಾಕಿರ್ತಾರೆ. ಬಾಟ್ಲಿ ಯಾವುದಾದ್ರೂ ತಗೊಂಡ್ ಬಾ. ಜೊತೆಗೆ ಇಪ್ಪತ್ತು ಹುಳ ತಗೊಂಡ್ ಬಾ. ಮೊರ ನಂದು."