ಮಿಷನ್ನಕ್ಕ ಕೇಳದ ಅಧ್ಯಾಯ

ಮಿಷನ್ನಕ್ಕ ಹೊಸ ಬಟ್ಟೆ ಹೊಲಿಯುವವಳಲ್ಲ. ಯಾರೋ ಹೊಲಿದದ್ದನ್ನು ಬಿಚ್ಚಿ, ಬೇರೆ ಮೈಗೆ ಕೂರುವಂತೆ ಮತ್ತೆ ಹೊಲಿಯುವುದು ಅವಳ ಕಸುಬು. ಅಣ್ಣನ ಕೋಟು ತಮ್ಮನಿಗೆ ಬರಬೇಕು, ಕಾಯಿಲೆ ಬಿದ್ದು ಎದ್ದವರ ಪ್ಯಾಂಟು ಸೊಂಟದಲ್ಲಿ ನಿಲ್ಲಬೇಕು, ಹೆರಿಗೆಯಾದವರ ಅಂಗಿಗೆ ಗುಂಡಿ ಹತ್ತಬೇಕು. ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ನಡುವೆ ಒಂದೇ ಶಟರಿನ ಕೋಣೆ, ಒಳಗೆ ಒಂದು ಉದ್ದ ಕನ್ನಡಿ, ಬಟ್ಟೆ ಬದಲಿಸಲು ಮೂಲೆಯಲ್ಲೊಂದು ಪರದೆ. "ಜನರ ಹೊಟ್ಟೆ ನಿಂತಲ್ಲಿ ನಿಲ್ಲದೆ ಇರೋವರೆಗೆ ನನ್ನ ಹೊಟ್ಟೆಗೇನೂ ಮೋಸ ಇಲ್ಲ" ಎಂದು ಅವಳು ನಗುತ್ತಿದ್ದಳು.

ಅವಳಿಗೊಂದು ಹಟವಿತ್ತು. ಬಟ್ಟೆ ಎಷ್ಟೇ ಬಿಗಿ ಮಾಡಲಿ, ಹೆಚ್ಚಾದ ಅಂಚನ್ನು ಕತ್ತರಿಸುತ್ತಿರಲಿಲ್ಲ. ಒಳಗೆ ಮಡಚಿ ಹೊಲಿದುಬಿಡುತ್ತಿದ್ದಳು. "ಒಳಗೆ ಉಬ್ಬುತ್ತಮ್ಮ, ಕತ್ತರಿಸಿಬಿಡಿ" ಎಂದರೆ ಕೇಳುತ್ತಿರಲಿಲ್ಲ. "ಇವತ್ತು ತೆಳ್ಳಗಿದೀರಿ. ನಾಳೆ ದಪ್ಪ ಆದ್ರೆ ನನ್ನನ್ನೇ ಬೈತೀರಿ. ಮಡಚಿದ್ರೆ ಬಿಚ್ಚಬಹುದು."

ಅದೇ ಬೀದಿಯ ಕೊನೆಯ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಕೆಲಸದವಳು ಅವಳ ಗೆಳತಿ. ಕೋಟು ಬಿಗಿ ಮಾಡಿಸಲು ಬಂದವಳು ಮಾತಿಗೆ ಕೂತು, ಮಾತು ಹಳೆಯದಾಗಿ ಗೆಳೆತನವಾಯಿತು. ಮಿಷನ್ನಕ್ಕ ಅವಳನ್ನು ಕರೆಯುತ್ತಿದ್ದುದು "ಹುಳು" ಎಂದು. ಪುಸ್ತಕದ ಹುಳು ಎನ್ನುವಷ್ಟು ಪುರುಸೊತ್ತು ತನಗಿಲ್ಲ ಎನ್ನುತ್ತಿದ್ದಳು.

ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ಮಿಷನ್ನಕ್ಕ ಬೆರಳಿನಿಂದಲೇ ನೋಡಲು ಕಲಿತಳು. ನೇರ ಹೊಲಿಗೆ ಕೈಗೆ ಗೊತ್ತಿತ್ತು. ಸೂಜಿಗೆ ದಾರ ಪೋಣಿಸುವುದು ಮಾತ್ರ ಆಗಲಿಲ್ಲ. ಮಧ್ಯಾಹ್ನ ಗ್ರಂಥಾಲಯಕ್ಕೆ ಬಿಡುವು. ಆಗ ಗೆಳತಿ ಬಂದು ಮರುದಿನಕ್ಕೆ ಬೇಕಾದಷ್ಟು ಸೂಜಿಗಳಿಗೆ ದಾರ ಪೋಣಿಸಿ, ಬಣ್ಣಕ್ಕೊಂದು ಸಾಲಿನಂತೆ ಪುಟ್ಟ ದಿಂಬಿಗೆ ಚುಚ್ಚಿಡುತ್ತಿದ್ದಳು. ಆಮೇಲೆ ಪುಸ್ತಕ ತೆಗೆದು ಗಟ್ಟಿಯಾಗಿ ಓದುತ್ತಿದ್ದಳು.

ಮೊದಮೊದಲು ತಂದ ಪ್ರೇಮದ ಕಾದಂಬರಿಗಳಿಗೆ ಮಿಷನ್ನಕ್ಕ ತೂಕಡಿಸಿದಳು. ಅವಳ ನಿದ್ದೆ ಹಾರಿದ್ದು, ದಾಯಾದಿಗಳು ಹೊಡೆದಾಡಿ ಸತ್ತ ಆ ಹಳೆಯ ಯುದ್ಧದ ಕಥೆಯನ್ನು ಈಗಿನವರು ಹೊಸದಾಗಿ ಬರೆದ ಪುಸ್ತಕಗಳು ಬಂದ ಮೇಲೆ. ಗ್ರಂಥಾಲಯದಲ್ಲಿ ಅವಕ್ಕೆಂದೇ ಒಂದು ಕಪಾಟಿತ್ತು. ಒಂದರಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ರಾಣಿ ತನ್ನ ಕಥೆ ಹೇಳಿದರೆ ಇನ್ನೊಂದರಲ್ಲಿ ಕುರುಡು ರಾಜನಿಗೆ ಯುದ್ಧದ ವರದಿ ಕೊಟ್ಟವನು ಹೇಳುತ್ತಾನೆ.

"ಇವತ್ತು ಯಾರ ಸರದಿ ಕಣೇ ಅಳೋದು?" ಎಂದು ಕೇಳಿಯೇ ಅವಳು ಮಿಷನ್ನಿನ ಮುಂದೆ ಕೂರುತ್ತಿದ್ದಳು. "ಈ ಬರೆಯೋರು ನನ್ನ ಕಸುಬಿನವರೇ ಬಿಡು. ಬಟ್ಟೆ ಹಳೇದು, ಅಳತೆ ಬೇರೆ. ಆದ್ರೂ ಇದನ್ನ ಬರೆದವಮ್ಮ ರಾಣಿಗೆ ಕಂಕುಳಲ್ಲಿ ಬಿಗಿ ಮಾಡಿಬಿಟ್ಟಿದಾಳೆ. ಪಾಪ, ಕೈಯೆತ್ತಿ ಅಳೋಕೂ ಆಗ್ತಿಲ್ಲ."

ಹಳೆಯ ಕಥೆ ಅವಳಿಗೆ ಬಾಯಿಪಾಠ. ಆದರೆ ಹೊಸ ಪುಸ್ತಕದಲ್ಲಿ ಯಾವ ತಿರುವು ಎಲ್ಲಿ ಬದಲಾಗುತ್ತದೋ ಗೊತ್ತಾಗುತ್ತಿರಲಿಲ್ಲ. ಓದಿದ್ದನ್ನು ನಂಬುವುದೊಂದೇ ದಾರಿ.

ಮಿಷನ್ನಕ್ಕನಿಗೆ ಒಬ್ಬಳು ತಂಗಿಯಿದ್ದಳು. ತಾಯಿ ಆ ತಂಗಿಯ ಮನೆಯಲ್ಲಿದ್ದಾಗ ಬಚ್ಚಲಲ್ಲಿ ಜಾರಿಬಿದ್ದು ತೀರಿಕೊಂಡಿದ್ದರು. ಬಂದವರೆಲ್ಲರ ಎದುರು ಮಿಷನ್ನಕ್ಕ, "ಅಮ್ಮನ್ನ ಕೊಂದವಳು ನೀನೇ" ಎಂದುಬಿಟ್ಟಿದ್ದಳು. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ. ಯಾರಾದರೂ ತಂಗಿಯ ಸುದ್ದಿ ಎತ್ತಿದರೆ ಅವಳ ಮುಖ ಗಂಟಾಗಿ, ಮಿಷನ್ನು ಜೋರಾಗಿ ಓಡುತ್ತಿತ್ತು. ಗೆಳತಿ ಅದನ್ನು ಸೊಕ್ಕು ಎಂದುಕೊಂಡಿದ್ದಳು. ಪ್ರೀತಿಯ ಸೊಕ್ಕು, ಮುಟ್ಟದೆ ಬಿಡಬೇಕಾದ ಸೊಕ್ಕು. ಅದು ನಾಚಿಕೆಯೂ ಇರಬಹುದೆಂದು ಅವಳಿಗೆ ಹೊಳೆಯಲಿಲ್ಲ.

ಕೊನೆಗೆ ಓದಿದ ಪುಸ್ತಕ, ಹುಟ್ಟಿದ ಕೂಡಲೇ ತಾಯಿ ಪೆಟ್ಟಿಗೆಯಲ್ಲಿಟ್ಟು ನದಿಗೆ ಬಿಟ್ಟ ಹಿರಿಯ ಮಗನದ್ದು. ಹಳೆಯ ಕಥೆಯಲ್ಲಿ, ಎದುರು ಪಾಳೆಯದವರು ತನ್ನ ತಮ್ಮಂದಿರು ಎಂದು ಯುದ್ಧಕ್ಕೆ ಮುಂಚೆಯೇ ಅವನಿಗೆ ತಿಳಿಯುತ್ತದೆ. ಆದರೂ ಬಾಯಿ ಬಿಡುವುದಿಲ್ಲ. ಅವನು ಸತ್ತ ಮೇಲೆಯೇ ತಮ್ಮಂದಿರಿಗೆ ಗೊತ್ತಾಗುವುದು. ಓದು ಶುರುವಾದ ದಿನದಿಂದ ಮಿಷನ್ನಕ್ಕನದು ಒಂದೇ ಪ್ರಶ್ನೆ: "ಈ ಪುಣ್ಯಾತ್ಮ ಈ ಸಲವಾದ್ರೂ ತಮ್ಮಂದಿರನ್ನ ಮಾತಾಡಿಸ್ತಾನೇನೇ?"

"ಅವಸರ ಮಾಡ್ಬೇಡಕ್ಕ. ಬರುತ್ತೆ."

ಗೆಳತಿಗೆ ಮುಂದಿನ ಅಧ್ಯಾಯವನ್ನು ಮೊದಲೇ ಒಬ್ಬಳೇ ಓದಿಕೊಳ್ಳುವ ರೂಢಿ. ಆ ದಿನವೂ ಬೆಳಿಗ್ಗೆ ಗ್ರಂಥಾಲಯದಲ್ಲಿ ಕೂತು ಓದಿದಳು. ಯುದ್ಧದ ಹಿಂದಿನ ಸಂಜೆ ಹಿರಿಯವನು ಕಿರಿಯ ತಮ್ಮನನ್ನು ನದಿಯ ದಡಕ್ಕೆ ಕರೆಸುತ್ತಾನೆ. "ತುಂಬಿದ ಸಭೆಯಲ್ಲಿ ಆಡಬಾರದ ಮಾತನ್ನು ಆಡಿದವನು ನಾನು. ಕರೆಯಬೇಕಾದವನೂ ನಾನೇ" ಎನ್ನುತ್ತಾನೆ.

ಅವಳು ಪುಸ್ತಕ ಮುಚ್ಚಿದಳು. ಇದನ್ನು ಅಕ್ಕನ ಮುಂದೆ ಹೇಗೆ ಓದುವುದು? ಬೇಕೆಂದೇ ಆರಿಸಿ ತಂದು ಬೆರಳು ತೋರಿಸಿದ ಹಾಗಾಗುವುದಿಲ್ಲವೇ?

ಮಧ್ಯಾಹ್ನ ಹೋದಾಗ ಮೇಜಿನ ಮೇಲೆ, ಕತ್ತರಿಯ ಪಕ್ಕದಲ್ಲಿ, ಮಿಷನ್ನಕ್ಕನ ಫೋನಿತ್ತು. ಯಾವಾಗಲೂ ಡ್ರಾಯರಿನಲ್ಲಿರುವ ಫೋನು. ಗೆಳತಿ ಅದನ್ನು ನೋಡಿದಳು. ಸೂಜಿಗಳಿಗೆ ದಾರ ಪೋಣಿಸಿ ಪುಸ್ತಕ ತೆರೆದಳು. ಆ ಸಾಲು ಬಂದಾಗ ಕಣ್ಣು ಪುಟದ ಮೇಲಿದ್ದರೂ ಬಾಯಿ ಬೇರೆಯದನ್ನೇ ಓದಿತು. ಹಿರಿಯವನು ದಡಕ್ಕೆ ಬಂದ, ಆಚೆ ದಡದಲ್ಲಿ ತಮ್ಮನ ಬಿಡಾರದ ದೀಪ ಕಂಡ, ತಲೆ ಬಗ್ಗಿಸದೆ ಬಂದ ದಾರಿಯಲ್ಲೇ ತಿರುಗಿ ನಡೆದ. "ತಲೆ ಬಗ್ಗಿಸದೆ" ಎಂಬ ಮಾತು ಚೆನ್ನಾಗಿ ಬಂತೆಂದು ಅವಳಿಗೆ ಒಂದು ಕ್ಷಣ ಹೆಮ್ಮೆಯೂ ಆಯಿತು.

ಮಿಷನ್ನು ನಿಂತಿತು.

"ಕರೀಲಿಲ್ವಾ?"

"ಇಲ್ಲಕ್ಕ."

"ಇದರಲ್ಲೂ ಇಲ್ವಾ?" ಮಿಷನ್ನಕ್ಕ ಬಟ್ಟೆಯ ಅಂಚನ್ನು ಸವರಿದಳು. "ಈ ಸಲ ಕರೀತಾನೆ ಅಂದ್ಕೊಂಡಿದ್ದೆ. ಹೊಸ ಪುಸ್ತಕ ಅಲ್ವಾ." ಮೇಜನ್ನು ತಡವಿ ಫೋನು ಹುಡುಕಿ, ಡ್ರಾಯರಿನೊಳಗಿಟ್ಟು ತಳ್ಳಿದಳು. "ಹೋಗ್ಲಿ ಬಿಡು. ಅಂಥಾ ವೀರನಿಗೇ ಆಗ್ಲಿಲ್ಲ ಅಂದ್ಮೇಲೆ ನಮ್ಮಂಥೋರ ಪಾಡೇನು."

ಡ್ರಾಯರು ಮುಚ್ಚಿದ ಸದ್ದಿಗೆ, ಆ ಫೋನು ಯಾರನ್ನು ಕರೆಯಲು ಹೊರಗೆ ಬಂದಿತ್ತೆಂದು ಗೆಳತಿಗೆ ಅರ್ಥವಾಯಿತು. ಪುಟ ಇನ್ನೂ ತೆರೆದೇ ಇತ್ತು. "ತಪ್ಪಾಯ್ತಕ್ಕ, ಸರಿಯಾಗಿ ಓದ್ತೀನಿ ಕೇಳು" ಎಂದರೆ ಮುಗಿಯುತ್ತಿತ್ತು. ಆದರೆ ಏಕೆ ಹಾಗೆ ಓದಿದೆ ಎಂದು ಕೇಳಿದರೆ, ನಿನ್ನ ಮೇಲೆ ಕನಿಕರ ಬಂತು ಎನ್ನಬೇಕು. ಕಣ್ಣು ಹೋದ ಮೇಲೆ ಮಿಷನ್ನಕ್ಕ ಸಹಿಸದಿದ್ದದ್ದು ಅದೊಂದನ್ನೇ. ನಾಳೆ ಹೇಳೋಣ, ಎರಡು ಹಾಳೆ ಅಂಟಿಕೊಂಡಿತ್ತು ಎನ್ನೋಣ ಎಂದುಕೊಂಡಳು. ಅವಳ ಲೆಕ್ಕದಲ್ಲಿ ತಾನು ಕಥೆಯನ್ನು ಕತ್ತರಿಸಿರಲಿಲ್ಲ, ಮಡಚಿದ್ದಳು ಅಷ್ಟೇ.

"ಯಾಕೇ ಹುಳು, ಗಂಟಲು ಕಟ್ತಾ? ನೀರು ಕುಡಿ" ಎಂದಳು ಮಿಷನ್ನಕ್ಕ.

ಮರುದಿನ ಶಟರು ಕೆಳಗಿತ್ತು. ಬೆಳಿಗ್ಗೆ ಎದೆ ಹಿಡಿದುಕೊಂಡಿತಂತೆ, ಆಸ್ಪತ್ರೆ ತಲುಪುವಷ್ಟರಲ್ಲಿ ಹೋದಳಂತೆ ಎಂದು ಚಪ್ಪಲಿ ಅಂಗಡಿಯವನು ಹೇಳಿದ.

ಎಲ್ಲ ಮುಗಿದ ಮೇಲೆ ಅಂಗಡಿ ಖಾಲಿ ಮಾಡಲು ತಂಗಿ ಬಂದಳು. ಗೆಳತಿಯೂ ಕೈಜೋಡಿಸಲು ಹೋದಳು. ಅದೇ ಮೂಗು, ಅದೇ ಗಿಡ್ಡ ಕತ್ತು. ತಂಗಿ ಸೂಜಿಯ ದಿಂಬನ್ನು ಕೈಗೆತ್ತಿಕೊಂಡಳು. "ಕಣ್ಣೇ ಕಾಣ್ತಿರಲಿಲ್ಲ ಅಂದ್ರು. ಇಷ್ಟೊಂದಕ್ಕೆ ದಾರ ಹೇಗೆ ಪೋಣಿಸಿದ್ಲು?"

"ನಾನು ಪೋಣಿಸಿದ್ದು."

"ಓ, ಪುಸ್ತಕ ಓದಿ ಹೇಳ್ತಿದ್ದೋರು ನೀವೇನಾ?" ಅಂದಿನಿಂದ ಮಿಷನ್ನಿನ ಪಕ್ಕದಲ್ಲೇ ಉಳಿದಿದ್ದ ಪುಸ್ತಕವನ್ನು ತೋರಿಸಿದಳು. "ಕೊನೇಗೆ ಓದಿದ್ದು ಯಾವುದು? ನಂಗೂ ಓದಿ. ಅವಳು ಕೇಳಿದ್ದನ್ನ ನಾನೂ ಕೇಳ್ತೀನಿ."

ಗೆಳತಿ ಪುಟ ತೆಗೆದು ಓದಿದಳು. ಈ ಸಲ ಅಚ್ಚಾದದ್ದನ್ನೇ ಓದಿದಳು. ಕರೆಯಬೇಕಾದವನೂ ನಾನೇ ಎಂಬಲ್ಲಿಗೆ ಬಂದಾಗ ತಂಗಿ ಕೈಯಲ್ಲಿದ್ದ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡಳು.

"ಅಕ್ಕ ಇದನ್ನ ಕೇಳಿದ್ಲಾ?"

ಹೌದು ಎಂದಿದ್ದರೆ ಆ ಹೆಂಗಸು ಹಗುರಾಗಿ ಮನೆಗೆ ಹೋಗುತ್ತಿದ್ದಳು. ಹೌದು ಎಂಬ ಮಾತು ಗೆಳತಿಯ ನಾಲಿಗೆಯ ತುದಿಗೂ ಬಂದಿತ್ತು. ಹೀಗೇ ಒಮ್ಮೆ ಕನಿಕರ ಪಟ್ಟಿದ್ದು ನೆನಪಾಯಿತು.

"ಇಲ್ಲ. ನಾನು ಬದಲಾಯಿಸಿ ಓದಿದೆ. ಅವನು ಕರೀಲಿಲ್ಲ ಅಂತ ಓದಿದೆ. ಅಕ್ಕಂಗೆ ನೋವಾಗುತ್ತೆ ಅಂದ್ಕೊಂಡೆ."

ತಂಗಿ ತಲೆಯೆತ್ತಿದಳು. "ಕತ್ತರಿ ಹಾಕೋಕೆ ನೀವ್ಯಾರ್ರೀ? ಅಕ್ಕ ತಂಗಿ ನಾವು. ಮಧ್ಯೆ ನೀವ್ಯಾರು?" ಎದ್ದು ಶಟರಿನವರೆಗೆ ಹೋದಳು. ಗೆಳತಿ ಕೂತಲ್ಲಿಂದ ಏಳಲಿಲ್ಲ.

ಬೀದಿಯನ್ನೇ ನೋಡುತ್ತ ನಿಂತಿದ್ದ ತಂಗಿ ತಿರುಗಿ ಕೇಳಿದಳು: "ಅದಕ್ಕೆ ಅವಳು ಏನಂದ್ಳು? ಇದ್ದಿದ್ದನ್ನ ಇದ್ದ ಹಾಗೆ ಹೇಳಿ. ನಿಮ್ಮದೇನೂ ಸೇರಿಸ್ಬೇಡಿ."

ಗೆಳತಿ ಹೇಳಿದಳು. ಮೇಜಿನ ಮೇಲಿದ್ದ ಫೋನು, ನಿಂತ ಮಿಷನ್ನು, ತಳ್ಳಿದ ಡ್ರಾಯರು, ಆಡಿದ ಮಾತು.

ತಂಗಿ ಬಂದು ಡ್ರಾಯರು ಎಳೆದಳು. ಅಳತೆಯ ಟೇಪಿನ ಕೆಳಗೆ ಫೋನಿತ್ತು, ಚಾರ್ಜು ಮುಗಿದು ಸತ್ತಿತ್ತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಅಕ್ಕನ ಸ್ಟೂಲಿನ ಮೇಲೆ ಕೂತಳು.

"ನಿಮ್ಮ ಮೇಲಿನ ಸಿಟ್ಟು ನಂಗೆ ಹೋಗಲ್ಲ" ಎಂದಳು.

"ಹೋಗ್ಬಾರ್ದು."

"ಅವಳು ಅಂದ ಮಾತು ಇನ್ನೊಂದ್ಸಲ ಹೇಳಿ."

ಗೆಳತಿ ಪುಸ್ತಕ ಮುಚ್ಚಿಟ್ಟು, ಮಿಷನ್ನಕ್ಕ ಅಂದ ಹಾಗೆಯೇ ಅಂದಳು: "ಈ ಸಲ ಕರೀತಾನೆ ಅಂದ್ಕೊಂಡಿದ್ದೆ."